ಹೊಳೆ ಬಾಣ, ಬಸ್‌ಸ್ಟ್ಯಾಂಡ್ ಬಾಣ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅಲ್ಲಿ ಆರು ದಿನ ಹೇಳಿದ್ದು ಸಾಲದೆ ಭಾನುವಾರ ಕೆಳಗಿಳಿದು ಬಂದು ನನಗೂ ಹೇಳುತ್ತಾಳೆ. ಮೊನ್ನೆ ನನಗೆ ಇ-ಮೇಲ್ ಕಲಿಸುತ್ತೇನೆಂದು ಹಠ ಹಿಡಿದು ಕೂತಳು.

"ಏನೂ ಓದೋದು ಬೇಡ ಆಂಟಿ. ಚಿತ್ರ ನೋಡಿದ್ರೆ ಸಾಕು. ತುಂಬಾ ಸುಲಭ" ಅಂದಳು.

ಓದೋದು ಬೇಡವಂತೆ. ಮೂವತ್ತನಾಲ್ಕು ವರ್ಷ ಅಕ್ಷರ ಕುಟ್ಟಿ ಅನ್ನ ತಿಂದವಳ ಮುಂದೆ ಈ ಮಾತು. ಅಕ್ಷರ ಅಂದರೆ ಏನೋ ಕಾಯಿಲೆ, ಅದರಿಂದ ಜನರನ್ನು ಪಾರು ಮಾಡಿದ್ದೇವೆ ಅನ್ನುವ ಹಾಗೆ ಈಗಿನವರು ಮಾತಾಡುತ್ತಾರೆ. ನಮ್ಮ ಭಾಷೆಗೆ ಐವತ್ತು ಚಿಲ್ಲರೆ ಅಕ್ಷರ, ಅದಕ್ಕೆ ಕಾಗುಣಿತ, ಅದರ ಕೆಳಗೆ ಒತ್ತು. ಅಷ್ಟೆಲ್ಲ ಇಟ್ಟುಕೊಂಡು ಕೊನೆಗೆ ಬಾಣದ ಗುರುತು ನೋಡಿಕೊಂಡು ಬದುಕಬೇಕಂತೆ.

ಅವಳು ಪರದೆಯ ಮೇಲೆ ಬೆರಳಿಟ್ಟು ಶುರು ಮಾಡುವ ಮೊದಲೇ ನಾನೇ ಹೇಳಿದೆ. ಎಡಕ್ಕೆ ಬಾಗಿರುವ ಬಾಣ, ಕಳಿಸಿದವನಿಗೆ ಉತ್ತರ. ಬಲಕ್ಕೆ ಹೋಗುವ ಬಾಣ, ಇನ್ನೊಬ್ಬರಿಗೆ ಮುಂದಕ್ಕೆ ರವಾನೆ. ಡಬ್ಬಿಯೊಳಗೆ ಕೆಳಗಿಳಿಯುವ ಬಾಣ, ಕಟ್ಟಿ ಒಳಗಿಡು. ಹುಡುಗಿ ಬಾಯಿ ತೆರೆದುಕೊಂಡು ನೋಡಿದಳು.

"ಯಾರು ಕಲಿಸಿದ್ರು ಆಂಟಿ?"

"ಒಬ್ಬ ಸಾಹೇಬ" ಅಂದೆ. "ನೀನಿನ್ನೂ ಹುಟ್ಟಿರಲಿಲ್ಲ."

ಅವಳಿಗೆ ನಗು ಬಂತು. ನನಗೆ ಬರಲಿಲ್ಲ. ಯಾಕೆಂದು ಆ ಹುಡುಗಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಟೈಪಿಂಗ್ ಕಲಿತದ್ದು ಚನ್ನಗಿರಿಯಲ್ಲಿ, ಒಂದು ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಲ್ಲಿ ನಾಲ್ಕು ಯಂತ್ರ ಇದ್ದವು, ಒಂದಕ್ಕೆ ‘ಳ’ ಬೀಳುತ್ತಿರಲಿಲ್ಲ. ಸಂತೇಬೆನ್ನೂರಿನಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದ ನನಗೆ ಯಾವಾಗಲೂ ‘ಳ’ ಇಲ್ಲದ ಯಂತ್ರವೇ ಸಿಗುತ್ತಿತ್ತು, ತಡವಾಗಿ ಬಂದವರಿಗೆ ಉಳಿದದ್ದೇ ಗತಿ. ಆ ಯಂತ್ರದ ಮೇಲೂ ಒಂದು ಬಾಣದ ಗುರುತಿತ್ತು. ಒತ್ತಿದರೆ ಒಂದು ಅಕ್ಷರದಷ್ಟು ಹಿಂದಕ್ಕೆ ಸರಿಯುವ ಕೀಲಿ. ಹಿಂದಕ್ಕೆ ಹೋಗುತ್ತಿತ್ತೇ ಹೊರತು ತಪ್ಪನ್ನು ಅಳಿಸುತ್ತಿರಲಿಲ್ಲ. ನಾನು ಕಂಡ ಬಾಣಗಳಲ್ಲಿ ಅದೊಂದೇ ಪ್ರಾಮಾಣಿಕವಾದದ್ದು.

ಟೈಪಿಂಗಿನ ಲೋಯರ್, ಹೈಯರ್ ಎರಡೂ ಪರೀಕ್ಷೆ ಪಾಸು ಮಾಡಿದೆ. ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಯಾವ ಇಲಾಖೆ ಅಂತ ಹೇಳುವುದಿಲ್ಲ, ಅಲ್ಲಿದ್ದವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ, ಹೇಳಿದರೆ ಅವರ ಮುಖ ನೋಡಬೇಕಾಗುತ್ತದೆ. ಮೊದಲು ನ್ಯಾಮತಿಯಲ್ಲಿ ಹಾಕಿದರು. ಅಲ್ಲಿ ಇದ್ದದ್ದು ಎರಡು ಮೇಜು, ಒಂದು ಬೀರು, ಮತ್ತು ಹನ್ನೊಂದು ಗಂಟೆಗೆ ಬಂದು ಹನ್ನೆರಡಕ್ಕೆ ಊಟಕ್ಕೆ ಏಳುವ ಒಬ್ಬ ಗುಮಾಸ್ತ. ನಾನು ಟೈಪ್ ಮಾಡುವ ವೇಗ ನೋಡಿ ಆತ, "ಏನಮ್ಮ, ಎಲ್ಲಾ ಕೆಲಸ ಇವತ್ತೇ ಮುಗಿಸಿದ್ರೆ ನಾಳೆ ಏನ್ ಮಾಡಾಕೆ ಬರ್ತೀಯ?" ಅಂದಿದ್ದ. ಅಲ್ಲಿಂದ ಎರಡು ವರ್ಷಕ್ಕೆ ಹೊನ್ನಾಳಿಗೆ ವರ್ಗವಾಯಿತು. ಬಾಣದ ಸಾಹೇಬ ಸಿಕ್ಕಿದ್ದು ಅಲ್ಲಿ.

ಆ ಸಾಹೇಬರು ಬರೆಯುತ್ತಿರಲಿಲ್ಲ. ಬರೆಯಲು ಬರುತ್ತಿರಲಿಲ್ಲ ಅಂತಲ್ಲ, ಬರೆಯುವುದು ತನಗಿಂತ ಕೆಳಗಿನವರ ಕೆಲಸ ಎಂದು ನಂಬಿದ್ದರು. ಬೇರೆ ಅಧಿಕಾರಿಗಳು ಫೈಲಿನ ಅಂಚಿನಲ್ಲಿ ‘ಮೇಲಿನ ಕಚೇರಿಗೆ ಕಳಿಸುವುದು’ ಎಂದೋ ‘ಅರ್ಜಿದಾರರಿಗೆ ಉತ್ತರಿಸುವುದು’ ಎಂದೋ ಬರೆದು ಸಹಿ ಹಾಕುತ್ತಿದ್ದರೆ, ಇವರು ಕೆಂಪು ಪೆನ್ಸಿಲಿನಲ್ಲಿ ಒಂದು ಬಾಣ ಎಳೆದು ಕೆಳಗೆ ಸಹಿ ಮಾಡುತ್ತಿದ್ದರು. ಎಡಕ್ಕೊಂದು ಬಾಣ, ಬಲಕ್ಕೊಂದು, ಮೇಲಕ್ಕೊಂದು, ಕೆಳಕ್ಕೊಂದು. ಬಂದ ಮೊದಲ ದಿನ ಹೆಡ್ ಕ್ಲರ್ಕು ಹೆದರುತ್ತಾ ಹೋಗಿ, "ಇದರ ಅರ್ಥ ಏನ್ ಸರ್?" ಅಂತ ಕೇಳಿದರಂತೆ. ಸಾಹೇಬರು ತಲೆ ಎತ್ತದೆ, "ಬುದ್ಧಿ ಇದ್ದವರಿಗೆ ಬಾಣ ಸಾಕು" ಅಂದರಂತೆ. ಹೆಡ್ ಕ್ಲರ್ಕು ತಮಗೆ ಬುದ್ಧಿಯಿದೆ ಎಂದು ತೋರಿಸಬೇಕಾಗಿ ಬಂದದ್ದರಿಂದ ಮತ್ತೆ ಕೇಳಲಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಅರ್ಧ ಅನಾಹುತ ಹೀಗೇ ಆಗುವುದು. ಹೇಳುವವನಿಗೆ ಸೊಕ್ಕು, ಕೇಳುವವನಿಗೆ ನಾಚಿಕೆ.

ನಾವೇ ಅರ್ಥ ಕಂಡುಕೊಂಡೆವು. ಕಂಡುಕೊಂಡ ಬಗೆ ಹೀಗಿತ್ತು. ಸಾಹೇಬರ ಕುರ್ಚಿ ಗೋಡೆಗೆ ಬೆನ್ನು ಕೊಟ್ಟು ನಡುವೆ ಇತ್ತು. ಅವರ ಬಲಗಡೆ ಹೊಳೆಯ ಕಡೆ ತೆರೆಯುವ ಕಿಟಕಿ, ಅದರ ಕೆಳಗೆ ಜಿಲ್ಲಾ ಕಚೇರಿಗೆ ಟಪಾಲು ಕಟ್ಟುವ ಗುಮಾಸ್ತ. ಎಡಗಡೆ ಬಸ್‌ಸ್ಟ್ಯಾಂಡಿನ ಕಡೆ ಬಾಗಿಲು, ಬಾಗಿಲ ಪಕ್ಕದಲ್ಲಿ ಜನರಿಗೆ ಉತ್ತರ ಕೊಡುವ ಕೌಂಟರ್ ಗುಮಾಸ್ತ. ಫೈಲನ್ನು ಸಾಹೇಬರ ಮುಂದೆ ಇಟ್ಟಾಗ ಬಾಣ ಯಾವ ಕಡೆ ತೋರಿಸುತ್ತದೋ ಆ ಕಡೆ ಕೂತವನಿಗೆ ಕೊಟ್ಟರೆ ಕೆಲಸ ಸರಿಯಾಗುತ್ತಿತ್ತು. ಬಲದ ಬಾಣಕ್ಕೆ ನಾವು ‘ಹೊಳೆ ಬಾಣ’ ಎಂದೆವು, ಎಡದ್ದಕ್ಕೆ ‘ಬಸ್‌ಸ್ಟ್ಯಾಂಡ್ ಬಾಣ’. ಮೇಲಿನ ಬಾಣ ಅಂದರೆ ಮತ್ತೆ ಸಾಹೇಬರ ಮುಂದಿಡು, ಕೆಳಗಿನದು ಅಂದರೆ ಬೀರುವಿನೊಳಗೆ ಹಾಕು, ಇಲಿ ತಿನ್ನಲಿ. ಒಂದೇ ತಿಂಗಳಲ್ಲಿ ಇಡೀ ಕಚೇರಿ ಹೀಗೇ ಮಾತಾಡತೊಡಗಿತು. "ನಿಮ್ದು ಹೊಳೆ ಕಡೆ ಹೋಗೈತೆ ಗೌಡ್ರೆ, ಹದಿನೈದು ದಿನ ಬಿಟ್ಟು ಬರ್ರಿ" ಅಂತ ಕೌಂಟರಿನವನು ಹೇಳಿದರೆ, ಪಾಪ, ಅವರು ತಮ್ಮ ಅರ್ಜಿಯನ್ನು ತುಂಗಭದ್ರೆಗೆ ಎಸೆದರೇನೋ ಎಂದು ಗಾಬರಿಯಾಗುತ್ತಿದ್ದರು.

ನಾನು ಆ ಬಾಣಗಳಲ್ಲಿ ಪಂಡಿತೆಯಾದೆ. ಬಾಣ ಯಾವ ಗುಮಾಸ್ತನ ಕಡೆಗಿದೆ ಎಂದು ನೋಡಿದ ತಕ್ಷಣ ಇಂಥ ಪತ್ರ ಬೇಕು ಅಂತ ತಿಳಿದು, ಕೇಳುವ ಮೊದಲೇ ಟೈಪ್ ಮಾಡಿ ಇಡುತ್ತಿದ್ದೆ. ಸಾಹೇಬರಿಗೆ ಅದು ಬಹಳ ಇಷ್ಟವಾಯಿತು. ಅವರಿಗೆ ಜಗಳೂರಿಗೆ ವರ್ಗವಾದಾಗ, ಬೇರೆ ಜಿಲ್ಲೆಯಾದರೂ, ಯಾರ ಯಾರ ಕೈಯೋ ಹಿಡಿದು ನನ್ನನ್ನೂ ಅಲ್ಲಿಗೆ ಹಾಕಿಸಿಕೊಂಡರು. "ನನ್ನ ಬಾಣ ಅರ್ಥ ಆಗೋದು ಈ ಹುಡುಗಿಗೆ ಮಾತ್ರ" ಎಂದು ಅವರು ಹೇಳಿದ್ದನ್ನು ನಾನು ಪದಕದ ಹಾಗೆ ಕುತ್ತಿಗೆಗೆ ಹಾಕಿಕೊಂಡು ಜಗಳೂರಿನಲ್ಲಿ ಇಳಿದೆ.

ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯ. ಏನು ಗತ್ತು, ಏನು ಬಿಂಕ. ಜಗಳೂರಿನ ಕಚೇರಿಯಲ್ಲಿ ಬಾಣದ ಗುರುತು ನೋಡಿ ಕಂಗಾಲಾಗಿದ್ದ ಗುಮಾಸ್ತರೆಲ್ಲ ನನ್ನ ಮೇಜಿನ ಸುತ್ತ ನಿಂತರು. ನಾನು ಕನ್ನಡಕ ಸರಿಮಾಡಿಕೊಂಡು ಪಾಠ ಹೇಳಿದೆ.

"ತಲೆ ಕೆಡಿಸ್ಕೊಬೇಡ್ರಿ. ಸಾಹೇಬ್ರ ಕುರ್ಚಿಯಾಗೆ ಕೂತಂಗೆ ಫೈಲು ಹಿಡ್ಕೊಳ್ರಿ. ಬಾಣ ಯಾವ ಕಡೆ ಐತೋ ಆ ಕಡೆ ಕೂತೋರಿಗೆ ಕೊಡ್ರಿ. ಅಷ್ಟೇ."

"ಇಷ್ಟೇನಾ?" ಅಂದರು. ಇಷ್ಟೇ ಅಂದೆ.

ಜಗಳೂರಿನ ಕಚೇರಿ ಒಂದು ಹಳೆಯ ಬಾಡಿಗೆ ಮನೆಯಲ್ಲಿತ್ತು. ಅಲ್ಲಿ ಹೊಳೆಯಿಲ್ಲ, ಹಳ್ಳವೂ ಇಲ್ಲ. ಸಾಹೇಬರು ಒಳಕೋಣೆಯಲ್ಲಿ, ನಾವೆಲ್ಲ ಹೊರಗಿನ ಪಡಸಾಲೆಯಲ್ಲಿ. ಅವರು ಕೂತ ದಿಕ್ಕಿಗೆ ಪಡಸಾಲೆಯ ಬಲಗಡೆ ಬಾಗಿಲಿತ್ತು, ಎಡಗಡೆ ಕಿಟಕಿಯಿತ್ತು. ಬಾಗಿಲ ಬಳಿ ಕೂತವನು ಕೌಂಟರ್ ಗುಮಾಸ್ತ, ಕಿಟಕಿಯ ಕೆಳಗೆ ಕೂತವನು ಜಿಲ್ಲಾ ಟಪಾಲಿನವನು. ಹೊನ್ನಾಳಿಗೆ ಸರಿಯಾಗಿ ಉಲ್ಟಾ. ಸಾಹೇಬರಿಗೆ ಯಾರು ಎಲ್ಲಿ ಕೂತಿದ್ದಾರೆ ಎನ್ನುವುದರ ಪರಿವೆಯೇ ಇರಲಿಲ್ಲ, ಎಂದೂ ಇರಲಿಲ್ಲ. ಬಲದ ಬಾಣ ಅಂದರೆ ಅವರಿಗೆ ಹೊಳೆಯೂ ಅಲ್ಲ, ಕಿಟಕಿಯೂ ಅಲ್ಲ, ಮುಂದಕ್ಕೆ ಕಳಿಸು ಅಂತ ಅಷ್ಟೇ. ಹೊನ್ನಾಳಿಯಲ್ಲಿ ಆ ಕಡೆ ಟಪಾಲಿನವನು ಕೂತದ್ದು ಕಾಕತಾಳೀಯ. ನಾವು ಆ ಕಾಕತಾಳೀಯವನ್ನೇ ಶಾಸ್ತ್ರ ಮಾಡಿಕೊಂಡಿದ್ದೆವು. ನಾನು ಅದನ್ನು ಬಸ್ಸು ಹತ್ತಿಸಿ ಜಗಳೂರಿಗೆ ತಂದಿದ್ದೆ.

ಹಾಗಾಗಿ, ದುರ್ಗದ ಜಿಲ್ಲಾ ಕಚೇರಿಗೆ ಹೋಗಬೇಕಾದ ಅರ್ಜಿಗಳೆಲ್ಲ ಕೌಂಟರ್ ಗುಮಾಸ್ತನ ಮೇಜಿಗೆ ಹೋದವು. ಆತ ಅವುಗಳ ಮೇಲೆ ‘ವಾಪಸ್’ ಎಂದು ಗೀಚಿ ನನ್ನ ಬಳಿ ತರುತ್ತಿದ್ದ. ನಾನು, "ನಿಮ್ಮ ಅರ್ಜಿಯನ್ನು ಇದರೊಂದಿಗೆ ಹಿಂದಿರುಗಿಸಲಾಗಿದೆ" ಎಂಬ ಒಂದೇ ಸಾಲು ಟೈಪ್ ಮಾಡಿ ಕೊಡುತ್ತಿದ್ದೆ. ಯಾಕೆ ಹಿಂದಿರುಗಿಸಲಾಗಿದೆ ಎಂದು ಅದರಲ್ಲಿ ಇರಲಿಲ್ಲ. ಯಾರೂ ಕೇಳಲೂ ಇಲ್ಲ. ಸೊಕ್ಕೆ ಎಂಬ ಹಳ್ಳಿಯಿಂದ ಒಬ್ಬ ಮುದುಕ ಎರಡು ಸಲ ಅದೇ ಅರ್ಜಿ ಕೊಟ್ಟ, ಎರಡು ಸಲವೂ ಅದೇ ಸಾಲು ಅಂಟಿಸಿಕೊಂಡು ಹೋದ. ಮೂರನೆಯ ಸಲ ಬಂದಾಗ ಆತ ಅರ್ಜಿ ತಂದಿರಲಿಲ್ಲ. ಸುಮ್ಮನೆ ಕಟ್ಟೆಯ ಮೇಲೆ ಕೂತು ನಮ್ಮನ್ನು ನೋಡಿ ಎದ್ದುಹೋದ. ಅತ್ತ ಜನರಿಗೆ ಬರೆಯಬೇಕಾದ ಉತ್ತರಗಳು ಗಂಟು ಗಂಟಾಗಿ ದುರ್ಗಕ್ಕೆ ಹೋಗುತ್ತಿದ್ದವು, ಅಲ್ಲಿ ಅವುಗಳನ್ನು ಬಿಚ್ಚುವ ಪುಣ್ಯಾತ್ಮ ಯಾರಿದ್ದ? ಓದಿದವರ ಕಚೇರಿ ಅಂದರೆ ಅದು. ಎಲ್ಲರೂ ಮೆಟ್ರಿಕ್, ಒಬ್ಬ ಬಿ.ಎ., ನಾನು ಟೈಪಿಂಗ್ ಹೈಯರ್.

ಆ ಕಚೇರಿಯಲ್ಲಿ ಓದದವಳು ಒಬ್ಬಳೇ. ನೀರು ತುಂಬುವಾಕೆ. ಎಲ್ಲರೂ ನೀರವ್ವ ಅನ್ನುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವಳು, ಆದರೂ ನನ್ನನ್ನು ‘ಅಕ್ಕಾರೆ’ ಅಂತಲೇ ಕರೆಯುತ್ತಿದ್ದಳು, ನಾನು ಅವಳನ್ನು ‘ನೀನು’ ಅನ್ನುತ್ತಿದ್ದೆ. ಬೆಳಿಗ್ಗೆ ಬಂದು ಕಸ ಹೊಡೆದು, ಬೋರಿನಿಂದ ಆರು ಕೊಡ ನೀರು ಹೊತ್ತು ಹಾಕಿ, ಹನ್ನೊಂದಕ್ಕೂ ನಾಲ್ಕಕ್ಕೂ ಚಹಾ ಕಾಸಿಕೊಟ್ಟು, ನಡುವೆ ಗುಮಾಸ್ತರು ತೋರಿಸಿದ ಹಾಗೆ ಒಂದು ಮೇಜಿನಿಂದ ಇನ್ನೊಂದಕ್ಕೆ ಫೈಲು ಹೊತ್ತು ಕೊಡುತ್ತಿದ್ದಳು. ಹನ್ನೊಂದು ವರ್ಷದಿಂದ ಹೀಗೆ. ಕಾಗದದ ಮೇಲೆ ಅವಳು ಎಲ್ಲೂ ಇರಲಿಲ್ಲ. ದಿನಗೂಲಿ.

ಅವಳಿಗೆ ಒಂದೇ ಆಸೆ ಇತ್ತು, ಖಾಯಂ ಆಗಬೇಕು.

"ಹೆಚ್ಗೆ ಏನೂ ಬ್ಯಾಡ್ರೀ ಅಕ್ಕಾರೆ" ಎಂದು ಒಮ್ಮೆ ಹೇಳಿದ್ದಳು. "ಹೊಸ ಸಾಹೇಬ್ರು ಬಂದಾಗೆಲ್ಲ ‘ಈಕೆ ಯಾರು’ ಅಂತ ಕೇಳ್ತಾರೆ. ಹನ್ನೊಂದು ವರ್ಷದಾಗೆ ಆರು ಜನ ಕೇಳ್ಯಾರೆ. ಕೇಳಿದಾಗೆಲ್ಲ ಎದೆ ಧಸಕ್ ಅಂತೈತೆ. ಹೋಗು ಅಂದ್ರೆ ಹೋಗಬೇಕಲ್ರೀ. ಒಂದು ಕಾಗದದಾಗೆ ನನ್ನ ಹೆಸರು ಇದ್ರೆ ಸಾಕು."

ಆ ವರ್ಷ ದುರ್ಗದಿಂದ ಒಂದು ಸುತ್ತೋಲೆ ಬಂತು. ಹತ್ತು ವರ್ಷಕ್ಕಿಂತ ಹೆಚ್ಚು ದಿನಗೂಲಿ ಮಾಡಿದವರ ಅರ್ಜಿಗಳನ್ನು ಇಂಥ ದಿನದೊಳಗೆ ಕಳಿಸಿದರೆ ಖಾಯಂ ಪಟ್ಟಿಗೆ ಸೇರಿಸಲಾಗುವುದು. ಸುತ್ತೋಲೆ ಓದಿ ನಾನೇ ನೀರವ್ವನನ್ನು ಕರೆದೆ. ನಾನೇ ಅವಳ ಅರ್ಜಿ ಟೈಪ್ ಮಾಡಿದೆ, ಒಳ್ಳೆಯ ಕಾಗದದ ಮೇಲೆ, ಕಾರ್ಬನ್ ಇಟ್ಟು. ಅವಳು ಹೆಬ್ಬೆಟ್ಟು ಒತ್ತಿದಳು. ಆಮೇಲೆ ಆ ಕಾಗದದಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ನಾನು ತೋರಿಸಿದ ಜಾಗವನ್ನು ಮುಟ್ಟದೆ, ಮಸಿ ಹತ್ತಿದ ಬೆರಳನ್ನು ಹಿಂದಕ್ಕೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ನನಗೆ ನಾನು ಬಹಳ ದೊಡ್ಡ ಮನುಷ್ಯಳು ಅನ್ನಿಸಿತು.

ಅರ್ಜಿ ಸಾಹೇಬರ ಮೇಜಿಗೆ ಹೋಯಿತು. ಮರುದಿನ ಕೌಂಟರ್ ಗುಮಾಸ್ತ ಅದನ್ನು ಬೇರೆ ಐದಾರು ಅರ್ಜಿಗಳ ಜೊತೆ ನನ್ನ ಮುಂದೆ ಹಾಕಿದ. ಅಂಚಿನಲ್ಲಿ ಕೆಂಪು ಬಾಣ, ಬಲಕ್ಕೆ. ಮೇಲೆ ಅವನದೇ ಕೈಬರಹದಲ್ಲಿ ‘ವಾಪಸ್’. ನಾನು ಸಾಲು ಟೈಪ್ ಮಾಡತೊಡಗಿದೆ. ಅವಳ ಹೆಸರು ಬಂದಾಗ ಬೆರಳು ಒಂದು ಗಳಿಗೆ ನಿಂತವು. ಸಾಹೇಬರಿಗೆ ಮನಸ್ಸಿಲ್ಲವೇನೋ, ಅಯ್ಯೋ ಪಾಪ, ಅಂದುಕೊಂಡೆ. ಎದ್ದು ಹೋಗಿ ಕೇಳಬಹುದಿತ್ತು. ಸಾಹೇಬರ ಬಾಗಿಲು ನನ್ನ ಕುರ್ಚಿಗೆ ಎಂಟು ಹೆಜ್ಜೆ. ಆದರೆ ಬಾಣದ ಅರ್ಥ ಕೇಳಲು ನಾನು ಹೋಗುವುದೇ? ಅರ್ಥವಾಗುವವಳೆಂದೇ ತಾನೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಬಂದದ್ದು. ಉಳಿದ ಸಾಲನ್ನೂ ಕುಟ್ಟಿ ಮುಗಿಸಿದೆ.

ನೀರವ್ವನನ್ನು ಕರೆದು ಅರ್ಜಿ ಕೈಗೆ ಕೊಟ್ಟೆ. ವಾಪಸ್ ಪಡೆದದ್ದಕ್ಕೆ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಬೇಕು ಅಂದೆ. ಅವಳು ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ಅಂಚಿನ ಕಡೆ ನೋಡಿದಳು. ಅಕ್ಷರಗಳ ಕಡೆ ಅಲ್ಲ, ಅಂಚಿನ ಕಡೆ.

"ಅಕ್ಕಾರೆ, ಬಾಣ ಆ ಕಡೆ ಐತಲ್ರೀ" ಅಂದಳು.

"ಐತೆ. ಅದಕ್ಕೇ ವಾಪಸ್ ಬಂದೈತೆ."

"ಇದು ದುರ್ಗಕ್ಕೆ ಹೋಗೋ ಬಾಣ್ರೀ. ಸಾಹೇಬ್ರು ಆ ಕಡೆ ಬಾಣ ಎಳೆದಾಗೆಲ್ಲ ಬಾಯಾಗೆ ‘ದುರ್ಗಕ್ಕೆ’ ಅಂತಾರೆ. ನಾನು ಚಾ ಇಡಾಕೆ ಹೋದಾಗ ಎಷ್ಟು ಸಲ ಕೇಳೀನಿ. ಈ ಕಡೆ ಎಳೆದಾಗ ಏನೂ ಅನ್ನಂಗಿಲ್ಲ."

ಕೌಂಟರ್ ಗುಮಾಸ್ತ ನಕ್ಕ. ಟಪಾಲಿನವನೂ ನಕ್ಕ. ನಾನೂ ನಕ್ಕಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನನಗೆ ಸಿಟ್ಟು ಬಂತು. ಬಾಣದ ವಿಷಯದಲ್ಲಿ ನನಗೆ ಹೇಳಿಕೊಡುವವಳು ಇವಳೇ?

"ನಿನಗೆ ಓದಾಕೆ ಬರ್ತೈತಾ?" ಅಂದೆ.

ಅವಳ ಕಣ್ಣು ಇನ್ನೂ ಬಾಣದ ಮೇಲೇ ಇತ್ತು.

"ಬರ್ತೈತಾ ಹೇಳು."

"ಇಲ್ರೀ."

"ಮತ್ತೆ ಸುಮ್ನೆ ಹೆಬ್ಬೆಟ್ಟು ಒತ್ತು."

"ಸಾಹೇಬ್ರನ್ನ ಒಂದು ಮಾತು ಕೇಳಿ ಬರ್ಲೇನ್ರೀ?" ಅಂದಳು, ಬಹಳ ಮೆಲ್ಲಗೆ.

"ಹೋಗು. ಹೋಗಿ ಬೈಸ್ಕೊಂಡು ಬಾ. ಈಕೆ ಯಾರು ಅಂತ ಮತ್ತೊಂದು ಸಲ ಕೇಳ್ಲಿ."

ಎಲ್ಲಿ ಚುಚ್ಚಿದರೆ ನೋಯುತ್ತದೆಂದು ನನಗೆ ಗೊತ್ತಿತ್ತು. ಅವಳೇ ಹೇಳಿಕೊಂಡಿದ್ದ ಜಾಗ. ಅವಳು ಹೆಬ್ಬೆಟ್ಟು ಒತ್ತಿ, ಅರ್ಜಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಡ ಎತ್ತಿಕೊಂಡು ಬೋರಿನ ಕಡೆ ಹೋದಳು. ಸಾಹೇಬರ ಕೋಣೆಗೆ ಹೋಗಲಿಲ್ಲ.

ಎರಡು ತಿಂಗಳ ಮೇಲೆ ದುರ್ಗದಿಂದ ಖಾರವಾದ ಪತ್ರ ಬಂತು. ಯಾರೋ ಕೊನೆಗೂ ನಮ್ಮ ಗಂಟನ್ನು ಬಿಚ್ಚಿದ್ದರು. ಜಗಳೂರಿನ ಜನರಿಗೆ ಬರೆಯಬೇಕಾದ ಉತ್ತರಗಳನ್ನು ನಮಗೆ ಯಾಕೆ ಕಳಿಸುತ್ತೀರಿ, ನಮಗೆ ಬರಬೇಕಾದ ಅರ್ಜಿಗಳು ಒಂದೂ ಯಾಕೆ ಬಂದಿಲ್ಲ ಎಂದು ಕೇಳಿದ್ದರು. ಸಾಹೇಬರು ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಫೈಲುಗಳನ್ನು ಹರಡಿಕೊಂಡಿದ್ದರು.

"ಬಲದ ಬಾಣ ಅಂದ್ರೆ ಏನು?" ಅಂತ ಕೇಳಿದರು.

"ಆ ಕಡೆ ಕೂತವರಿಗೆ ಕೊಡೋದು ಸರ್" ಅಂದೆ, ಬಾಗಿಲ ಕಡೆ ಕೈ ತೋರಿಸಿ.

ಸಾಹೇಬರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ತಾವೇ ಹೊಗಳುತ್ತಿದ್ದ ನಾಯಿ ಮನೆಯೊಳಗೆ ಹೇತುಬಿಟ್ಟರೆ ನೋಡುತ್ತಾರಲ್ಲ, ಹಾಗೆ. "ಕೂತೋರಿಗೂ ಬಾಣಕ್ಕೂ ಏನಮ್ಮ ಸಂಬಂಧ?" ಅಂದರು. ಆ ಗಳಿಗೆಯಲ್ಲಿ ನನಗೆ ಎಲ್ಲವೂ ಹೊಳೆಯಿತು. ಹೊಳೆ, ಕಿಟಕಿ, ಬಸ್‌ಸ್ಟ್ಯಾಂಡು, ಎಲ್ಲ. ಇದನ್ನೆಲ್ಲ ಹೊರಗಿನವರಿಗೆ ಕಲಿಸಿದ್ದು ನಾನೇ ಅಂತ ಸಾಹೇಬರಿಗೆ ಇನ್ನೂ ಗೊತ್ತಿರಲಿಲ್ಲ. ಗುಮಾಸ್ತರ ದಡ್ಡತನ ಅಂದುಕೊಂಡಿದ್ದರು. ನಾನು ಅದನ್ನು ತಿದ್ದಲಿಲ್ಲ.

ಅವರು ಒಂದೊಂದೇ ಅರ್ಜಿಯ ಹೆಸರು ಓದಿ, ಇದನ್ನು ಮತ್ತೆ ತರಿಸಿ, ಅದನ್ನು ಮತ್ತೆ ತರಿಸಿ ಎನ್ನುತ್ತಾ ಹೋದರು. ರಿಜಿಸ್ಟರಿನ ಕೊನೆಯ ಹಾಳೆಗೆ ಬಂದಾಗ ನಿಂತರು.

"ಇದು ನಮ್ಮ ನೀರಿನಾಕೆದಲ್ಲ? ಇದಕ್ಕೆ ನಾನು ಮುಂದಕ್ಕೆ ಅಂತ ಎಳೆದಿದ್ದೆ. ಇದರ ತಾರೀಕು ಮುಗಿದುಹೋಗಿದೆ. ಒಂದೇ ಕಟ್ಟಡದಲ್ಲಿ ಇರೋಳದ್ದು ಯಾಕೆ ವಾಪಸ್ ಆಯ್ತು?"

ಆಗ ನಾನು ಹೇಳಿದ ಮಾತನ್ನು ಇಲ್ಲಿ ಇದ್ದ ಹಾಗೇ ಬರೆಯುತ್ತೇನೆ. "ಆಕೆನೇ ವಾಪಸ್ ಕೇಳಿ ತಗೊಂಡ್ಲು ಸರ್. ಬ್ಯಾಡ ಅಂದ್ಲು. ಹೆಬ್ಬೆಟ್ಟು ಐತೆ ನೋಡ್ರಿ."

ಹೆಬ್ಬೆಟ್ಟು ಇತ್ತು. ಸಾಹೇಬರು ನೋಡಿದರು. ಅಕ್ಷರಕ್ಕಿಂತ ಗುರುತನ್ನೇ ನಂಬಿದ ಮನುಷ್ಯ, ಹೆಬ್ಬೆಟ್ಟಿನ ಗುರುತನ್ನೂ ನಂಬಿದರು. "ಇವರಿಗೆಲ್ಲ ಒಳ್ಳೇದು ಮಾಡೋಕೆ ಹೋಗಬಾರದು" ಎಂದು ಹಾಳೆ ತಿರುವಿದರು.

ನಾನು ಹೊರಗೆ ಬಂದು ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ನೀರವ್ವ ಚಹಾ ತಂದು ನನ್ನ ಮುಂದಿಟ್ಟಳು. ಆವತ್ತು ಯಾಕೋ ತಡವಾಗಿತ್ತು. ಚಹಾ ಸುಡುಸುಡು ಇತ್ತು, ಗಡಿಬಿಡಿಯಲ್ಲಿ ಕುಡಿಯಲು ಹೋಗಿ ನಾಲಿಗೆ ಸುಟ್ಟುಕೊಂಡೆ. "ನೋಡಿ ಕುಡೀರಿ ಅಕ್ಕಾರೆ" ಅಂದಳು.

ಮರುದಿನ ಸಾಹೇಬರ ಆದೇಶದಂತೆ ಬಾಣಗಳ ಅರ್ಥದ ಪಟ್ಟಿಯೊಂದನ್ನು ನಾನೇ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿ, ಪ್ರತಿ ತೆಗೆದು ಗೋಡೆಗೆ ಅಂಟಿಸಿದೆ. ಬಲಕ್ಕೆ ಬಾಣ: ಜಿಲ್ಲಾ ಕಚೇರಿಗೆ. ಎಡಕ್ಕೆ ಬಾಣ: ಅರ್ಜಿದಾರರಿಗೆ. ಅಕ್ಷರ ಬೇಡವೆಂದು ಬಾಣ ತಂದವರು ಬಾಣಕ್ಕೆ ಅಕ್ಷರದ ಊರುಗೋಲು ಕೊಟ್ಟರು. ಮೊದಲೇ ಎರಡು ಶಬ್ದ ಬರೆದಿದ್ದರೆ ಇವರ ಗಂಟು ಏನು ಹೋಗುತ್ತಿತ್ತು ಎಂದು ನಾನು ಎಷ್ಟೋ ವರ್ಷ ಆ ಸಾಹೇಬರನ್ನೇ ಬೈದುಕೊಂಡೆ. ಬೈದುಕೊಳ್ಳಲು ಯಾರಾದರೂ ಒಬ್ಬರು ಬೇಕಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಆ ಸಾಹೇಬ ಸೊಕ್ಕಿನ ಮನುಷ್ಯನಾದರೂ ಅವಳಿಗೆ ಬಾಣ ಸರಿಯಾಗಿಯೇ ಎಳೆದಿದ್ದ. ಪೂಜಾರಿ ನಾನು.

ಉಳಿದವರ ಅರ್ಜಿಗಳು ಮತ್ತೆ ದುರ್ಗಕ್ಕೆ ಹೋದವು. ಸೊಕ್ಕೆಯ ಮುದುಕನಿಗೂ ಹೇಳಿ ಕಳಿಸಿದರು. ಖಾಯಂ ಪಟ್ಟಿ ಬಂದಾಗ ಅದರಲ್ಲಿ ಬೇರೆ ತಾಲೂಕಿನ ನೀರಿನವರು, ಕಸದವರು ಎಲ್ಲ ಇದ್ದರು. ಜಗಳೂರಿನ ಎದುರಿಗೆ ಒಂದು ಅಡ್ಡಗೆರೆ ಇತ್ತು. ಆ ಪಟ್ಟಿಯ ನಕಲನ್ನೂ ನಾನೇ ಟೈಪ್ ಮಾಡಿದೆ. ನೀರವ್ವ ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳು ಮೊದಲಿನ ಹಾಗೇ ಆರು ಕೊಡ ಹೊರುತ್ತಿದ್ದಳು, ಫೈಲು ಕೊಡುವಾಗ ಮಾತ್ರ ಈಗ ಬಾಣ ನೋಡುತ್ತಿರಲಿಲ್ಲ. ಕೊಟ್ಟವರನ್ನೇ "ಯಾರಿಗ್ರೀ?" ಅಂತ ಕೇಳುತ್ತಿದ್ದಳು.

ನನಗೆ ಚನ್ನಗಿರಿಗೆ ವರ್ಗ ಸಿಕ್ಕಿತು, ಬಿಟ್ಟರೆ ಸಾಕೆಂದು ಓಡಿದೆ. ನಾನು ಅಲ್ಲಿಂದ ಬಿಟ್ಟ ಮೇಲೆ ಜಗಳೂರಿಗೆ ಬಂದ ಹೊಸ ಸಾಹೇಬರು ವಾಡಿಕೆಯಂತೆ, "ಈಕೆ ಯಾರು?" ಅಂತ ಕೇಳಿದರಂತೆ. ಯಾವ ಕಾಗದದಲ್ಲೂ ಹೆಸರಿಲ್ಲ ಎಂದು ತಿಳಿದು ನಾಳೆಯಿಂದ ಬರುವುದು ಬೇಡ ಅಂದರಂತೆ. ಹದಿನಾಲ್ಕು ವರ್ಷ ಆಗಿತ್ತು. ಇದನ್ನು ನನಗೆ ಹೇಳಿದ್ದು ಅದೇ ಕೌಂಟರ್ ಗುಮಾಸ್ತ, ಯಾವುದೋ ಮದುವೆಯ ಪಂಕ್ತಿಯಲ್ಲಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ.

ಎಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಕೆಲಸದ ಮೇಲೆ ಜಗಳೂರಿಗೆ ಹೋಗಬೇಕಾಯಿತು. ವಾಪಸ್ ಬರಲು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಕಲ್ಲು ಬೆಂಚಿನ ಆ ತುದಿಯಲ್ಲಿ ಒಂದು ಗಂಟು ಇಟ್ಟುಕೊಂಡು ನೀರವ್ವ ಕೂತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಮುಖ ತಿರುಗಿಸಿ ಹೋಗಿಬಿಡಬಹುದಿತ್ತು. ಅವಳೇ ನೋಡಿ, "ಅಕ್ಕಾರೆ, ಆರಾಮಾಗಿದ್ದೀರೇನ್ರೀ?" ಎಂದು ಗಂಟು ಸರಿಸಿ ಜಾಗ ಮಾಡಿಕೊಟ್ಟಳು.

ಮಗಳ ಮನೆಗೆ, ಸೊಕ್ಕೆಗೆ, ಹೊರಟಿದ್ದಳು. ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಹೋಗುತ್ತೇನೆ ಅಂದಳು. ಬೆರಳೆಲ್ಲ ಉರಿಯುತ್ತದೆ ಎಂದು ಕೈ ತೋರಿಸಿದಳು. ಆ ಹೆಬ್ಬೆರಳನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದ್ದು ಬಾಯಿಗೆ ಬಂತು.

"ನಿನ್ನ ಅರ್ಜಿ ವಾಪಸ್ ಬಂದದ್ದು ಸಾಹೇಬ್ರಿಂದಲ್ಲ. ನನ್ನಿಂದ. ಆ ಬಾಣ ನೀನು ಹೇಳಿದಂಗೇ ದುರ್ಗದ್ದೇ ಆಗಿತ್ತು" ಅಂದೆ.

"ಗೊತ್ತೈತ್ರೀ" ಅಂದಳು. "ನಾನೇ ಹೇಳಿದ್ನಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟಕ್ಕೇ ನಿಲ್ಲಿಸಲು ಸುಲಭವಾಗುತ್ತಿತ್ತು. ಉಳಿದದ್ದನ್ನೂ ಹೇಳಬೇಕೆಂದು, "ಇನ್ನೊಂದೈತೆ. ಆಮೇಲೆ ಸಾಹೇಬ್ರು ಕೇಳಿದಾಗ ನಾನು..." ಎಂದು ಶುರು ಮಾಡಿದೆ.

"ಅದೂ ಗೊತ್ತೈತ್ರೀ ಅಕ್ಕಾರೆ. ನೀವು ಒಳಗೆ ಹೇಳೋವಾಗ ನಾನು ಚಾ ಹಿಡ್ಕೊಂಡು ಬಾಗಲ ಮರೆಗೆ ನಿಂತಿದ್ದೆ."

ಸೊಕ್ಕೆಯ ಬಸ್ಸು ಬಂತು. ಅವಳು ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು ಎದ್ದಳು. ನನ್ನ ಮುಖ ನೋಡಿ, ನನಗೆ ಸಮಾಧಾನ ಹೇಳುವ ಹಾಗೆ ಮತ್ತೊಂದು ಮಾತು ಸೇರಿಸಿದಳು.

"ನಿಂತು ನಿಂತು ಚಾ ಆರಿಹೋತು. ಆರಿದ್ದು ನಿಮಗೆ ಸೇರಲ್ಲ ಅಂತ ಚೆಲ್ಲಿ, ಬೇರೆ ಕಾಸಿ ತಂದೆ."